ಟೋಕಿಯೋ ನಿಲ್ದಾಣದ ನೆಲದ ಮೇಲೆ ಎರಡು ಗುರುತುಗಳು: ಜಪಾನಿನಲ್ಲಿ ಸೇನೆಗೆ ಬಾಗಿಲು ತೆರೆದವರು ಯಾರು?

ಪ್ರಶ್ನೆ — ಮರುನೌಚಿ

ಎಲ್ಲರಿಗೂ ನಮಸ್ಕಾರ. ಮೂರು ವರ್ಷಗಳಿಂದ ಟೋಕಿಯೋದಲ್ಲಿ ಕೆಲಸ ಮಾಡುತ್ತಿದ್ದೇನೆ. ದಿನವೂ ಬೆಳಿಗ್ಗೆ ಟೋಕಿಯೋ ನಿಲ್ದಾಣದಲ್ಲಿ ರೈಲು ಬದಲಿಸುತ್ತೇನೆ. ಇಷ್ಟು ದಿನ ತುಳಿದುಕೊಂಡೇ ಓಡಾಡಿದ್ದ ಒಂದು ಗುರುತು ಕಳೆದ ನವೆಂಬರಿನಲ್ಲಿ ಮೊದಲ ಬಾರಿ ಕಣ್ಣಿಗೆ ಬಿತ್ತು. ಮರುನೌಚಿ ದಕ್ಷಿಣ ದ್ವಾರದ ಹತ್ತಿರ ನೆಲಗಲ್ಲಿನಲ್ಲಿ ಒಂದು ಸಣ್ಣ ಗುರುತು, ಪಕ್ಕದ ಗೋಡೆಯಲ್ಲಿ ಫಲಕ. 1921ರ ನವೆಂಬರ್ 4ರ ಸಂಜೆ ಪ್ರಧಾನಿ ಹಾರಾ ತಕಾಶಿ ಅವರನ್ನು ಇರಿದು ಕೊಂದ ಜಾಗ ಅದು. ಇರಿದವನು ರೈಲ್ವೆಯಲ್ಲೇ ಕೆಲಸಕ್ಕಿದ್ದ, ಇನ್ನೂ ಇಪ್ಪತ್ತು ತುಂಬದ ಹುಡುಗ.

ಅದನ್ನು ಓದಿದ ಮೇಲೆ ಹುಡುಕಿದೆ. ಅದೇ ನಿಲ್ದಾಣದ ಒಳಗೆ, ಶಿಂಕಾನ್ಸೆನ್‌ಗೆ ಹೋಗುವ ದಾರಿಯಲ್ಲಿ, ಇನ್ನೊಂದು ಗುರುತು ಇದೆ. 1930ರ ನವೆಂಬರ್ 14ರ ಬೆಳಿಗ್ಗೆ ಪ್ರಧಾನಿ ಹಮಗುಚಿ ಒಸಾಚಿ ‘ತ್ಸುಬಾಮೆ’ ಎಂಬ ವೇಗದೂತ ರೈಲು ಹತ್ತಲು ಬಂದಿದ್ದರು. ಪ್ಲಾಟ್‌ಫಾರ್ಮಿನ ಮೇಲೆ ಗುಂಡು ಹೊಟ್ಟೆಗೆ ಬಿತ್ತು. ಒಂಬತ್ತು ವರ್ಷಗಳ ಅಂತರದಲ್ಲಿ ಒಂದೇ ನಿಲ್ದಾಣದಲ್ಲಿ ಇಬ್ಬರು ಪ್ರಧಾನಿಗಳ ಮೇಲೆ ದಾಳಿ.

ನಮ್ಮ ಕಚೇರಿಯಲ್ಲಿ ನಿವೃತ್ತಿಯ ಅಂಚಿನಲ್ಲಿರುವ ಹಿರಿಯರೊಬ್ಬರಿದ್ದಾರೆ. ನನಗೆ ಜಪಾನಿ ಭಾಷೆಯ ಅರ್ಧ ಪಾಠ ಆದದ್ದೇ ಅವರಿಂದ. ಊಟದ ಹೊತ್ತಿನಲ್ಲಿ ಈ ಗುರುತುಗಳ ವಿಷಯ ತೆಗೆದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅದೆಲ್ಲ ಸೇನೆಯವರು ಮಾಡಿದ್ದು. ಜನರಿಗೆ ಏನೂ ತಿಳಿದಿರಲಿಲ್ಲ. ನಮ್ಮ ತಂದೆ ಹಾಗೇ ಹೇಳುತ್ತಿದ್ದರು” ಎಂದರು. ಅಲ್ಲಿಗೆ ಮಾತು ನಿಂತಿತು. ಅವರ ತಂದೆಯ ಮಾತನ್ನು ಎದುರಿಗೇ ಅಲ್ಲಗಳೆಯುವ ಅಧಿಕಾರ ನನಗಿಲ್ಲ ಎಂದು ನಾನೂ ಸುಮ್ಮನಾದೆ.

ಆದರೆ ಆ ಉತ್ತರ ಗಂಟಲಲ್ಲಿ ಇಳಿಯುತ್ತಿಲ್ಲ. ಇದು ರಾಜನ ಅಪ್ಪಣೆಯಲ್ಲೇ ಎಲ್ಲ ನಡೆಯುತ್ತಿದ್ದ ದೇಶವಾಗಿರಲಿಲ್ಲ. 1925ರಲ್ಲಿ 25 ವರ್ಷ ತುಂಬಿದ ಎಲ್ಲ ಗಂಡಸರಿಗೂ ಮತದ ಹಕ್ಕು ಬಂತು. ಮತದಾರರ ಸಂಖ್ಯೆ 33 ಲಕ್ಷದಿಂದ 1.24 ಕೋಟಿಗೆ ಏರಿತು. ಸೇಯುಕಾಯ್, ಮಿನ್ಸೇತೋ ಎಂಬ ಎರಡು ದೊಡ್ಡ ಪಕ್ಷಗಳು ಸರದಿಯ ಮೇಲೆ ಸರ್ಕಾರ ನಡೆಸುತ್ತಿದ್ದವು. ಲಕ್ಷಗಟ್ಟಲೆ ಪ್ರತಿ ಮಾರಾಟವಾಗುತ್ತಿದ್ದ ಪತ್ರಿಕೆಗಳಿದ್ದವು. 1930ರಲ್ಲಿ ಇಷ್ಟೆಲ್ಲ ಇದ್ದ ದೇಶದಲ್ಲಿ 1940ರ ಆಗಸ್ಟ್ ಮುಗಿಯುವಷ್ಟರಲ್ಲಿ ದೊಡ್ಡ ಪಕ್ಷ ಒಂದೂ ಉಳಿದಿರಲಿಲ್ಲ. ಎಲ್ಲವೂ ತಮ್ಮನ್ನು ತಾವೇ ವಿಸರ್ಜಿಸಿಕೊಂಡಿದ್ದವು. ಈ ಹತ್ತು ವರ್ಷಗಳಲ್ಲಿ ಬಾಗಿಲು ತೆರೆದವರು ಯಾರು? ಹೊರಗಿನಿಂದ ಒದ್ದು ತೆರೆದರೇ, ಒಳಗಿನಿಂದ ಯಾರಾದರೂ ಚಿಲಕ ತೆಗೆದರೇ? ಬಲ್ಲವರು ದಯವಿಟ್ಟು ಹೇಳಿ. ಯುದ್ಧದ ಕದನಗಳ ಪಟ್ಟಿ ನನಗೆ ಬೇಡ. ಅದಕ್ಕೆ ಮುಂಚಿನ ಮಾತು ಬೇಕು.

ಉತ್ತರ — ಶಾಯಿ

ಮರುನೌಚಿ ಅವರೇ, ನೀವು ನಿಂತ ಎರಡನೇ ಗುರುತಿನಲ್ಲೇ ಉತ್ತರದ ದೊಡ್ಡ ಭಾಗ ಇದೆ. ಹಮಗುಚಿ ಅವರನ್ನು ಏಕೆ ಗುಂಡಿಕ್ಕಿದರು ಎಂಬುದನ್ನು ಬಿಡಿಸಿ ನೋಡೋಣ.

1930ರ ಏಪ್ರಿಲ್‌ನಲ್ಲಿ, ಯುದ್ಧನೌಕೆಗಳಿಗೆ ಮಿತಿ ಹಾಕುವ ಲಂಡನ್ ನೌಕಾ ಒಪ್ಪಂದಕ್ಕೆ ಸಹಿ ಬಿತ್ತು. ಸಹಾಯಕ ಯುದ್ಧನೌಕೆಗಳಲ್ಲಿ ಅಮೆರಿಕದ ಶೇ 70ರಷ್ಟು ತನಗೆ ಬೇಕು ಎಂದು ಜಪಾನಿನ ನೌಕಾಪಡೆ ಹಟ ಹಿಡಿದಿತ್ತು. ಒಟ್ಟಾರೆ ಸಿಕ್ಕಿದ್ದು ಶೇ 69.75. ಭಾರಿ ಕ್ರೂಸರ್‌ಗಳಲ್ಲಿ ಮಾತ್ರ ಶೇ 60ರ ಆಸುಪಾಸು. ಖಜಾನೆ ಬರಿದಾಗುತ್ತಿದ್ದ ಆ ವರ್ಷ ಹಮಗುಚಿ ಇದನ್ನು ಒಪ್ಪಿಕೊಂಡರು. ನೌಕಾಪಡೆಯ ಜನರಲ್ ಸ್ಟಾಫ್, ಅಂದರೆ ಯುದ್ಧಯೋಜನೆಯ ಕಚೇರಿಯ ಮುಖ್ಯಸ್ಥ ಕಾತೋ ಕಾಂಜಿ ಸಿಡಿದೆದ್ದರು. ಅದರಲ್ಲಿ ಆಶ್ಚರ್ಯವೇನಿಲ್ಲ, ಹೆಚ್ಚು ಹಡಗು ಬೇಡ ಎನ್ನುವ ನೌಕಾಧಿಕಾರಿ ಸಿಗುವುದು ಅಪರೂಪ.

ಆಶ್ಚರ್ಯ ಇರುವುದು ಸಂಸತ್ತಿನಲ್ಲಿ. ವಿರೋಧ ಪಕ್ಷವಾಗಿದ್ದ ಸೇಯುಕಾಯ್‌ನ ನಾಯಕರಾದ ಇನುಕಾಯ್ ತ್ಸುಯೋಶಿ ಮತ್ತು ಹತೊಯಾಮಾ ಇಚಿರೋ ಎದ್ದು ನಿಂತು, ಆ ಕಚೇರಿಯ ಮಾತನ್ನು ಮೀರಿ ಸಹಿ ಹಾಕಿದ್ದು ತಪ್ಪು ಎಂದು ಸರ್ಕಾರದ ಮೇಲೆ ಬಿದ್ದರು. ಚಕ್ರವರ್ತಿಯ ‘ತೋಸುಯ್ಕೆನ್’ ಅನ್ನು, ಅಂದರೆ ಸೇನೆಯ ಪರಮಾಧಿಪತ್ಯದ ಹಕ್ಕನ್ನು, ಸರ್ಕಾರ ಅತಿಕ್ರಮಿಸಿದೆ ಎಂಬುದು ಆರೋಪ.

ಇಲ್ಲಿ ಸಂವಿಧಾನದ ಎರಡು ವಿಧಿಗಳನ್ನು ನೋಡಬೇಕು. 1889ರ ಮೇಜಿ ಸಂವಿಧಾನದ 11ನೇ ವಿಧಿ ಭೂಸೇನೆ, ನೌಕಾಸೇನೆಗಳ ಪರಮ ಅಧಿಪತ್ಯ ಚಕ್ರವರ್ತಿಯದು ಎನ್ನುತ್ತದೆ. 12ನೇ ವಿಧಿ ಸೇನೆಯ ರಚನೆ ಮತ್ತು ಶಾಂತಿಕಾಲದ ಬಲವನ್ನು ಚಕ್ರವರ್ತಿ ನಿರ್ಧರಿಸುತ್ತಾನೆ ಎನ್ನುತ್ತದೆ. ಕದನದಲ್ಲಿ ಯಾವ ತುಕಡಿ ಎಲ್ಲಿಗೆ ಹೋಗಬೇಕು ಎಂಬುದು ಮೊದಲನೆಯದಕ್ಕೆ ಸೇರಿದ್ದು. ಎಷ್ಟು ಹಡಗು ಕಟ್ಟಬೇಕು, ಎಷ್ಟು ಹಣ ಸುರಿಯಬೇಕು ಎಂಬುದು ಎರಡನೆಯದಕ್ಕೆ. ಎರಡನೆಯದರಲ್ಲಿ ಸಲಹೆ ಕೊಡುವುದು ಸಚಿವ ಸಂಪುಟದ ಕೆಲಸ ಎಂದು ಟೋಕಿಯೋ ಇಂಪೀರಿಯಲ್ ವಿಶ್ವವಿದ್ಯಾಲಯದ ಮಿನೋಬೆ ತತ್ಸುಕಿಚಿ ಅರ್ಥ ಹೇಳಿದ್ದರು, ಹಮಗುಚಿ ನಿಂತದ್ದು ಅದೇ ನೆಲದ ಮೇಲೆ. ಆ ಗೆರೆಯನ್ನು ಅಳಿಸಿದವರು ಜನರ ಮತದಿಂದ ಗೆದ್ದು ಬಂದ ಸದಸ್ಯರು. ಒಂದು ಸರ್ಕಾರವನ್ನು ಉರುಳಿಸುವ ಆಸೆಗೆ, ಮುಂದೆ ಯಾವ ಸರ್ಕಾರವೂ ಸೇನೆಯನ್ನು ಪ್ರಶ್ನಿಸದಂತೆ ಮಾಡುವ ಆಯುಧವನ್ನು ಹದ ಮಾಡಿ ಕೊಟ್ಟರು.

ಏಳು ತಿಂಗಳಿಗೆ ಆ ಗುಂಡು ಹಾರಿತು. ಹಮಗುಚಿ ಅಂದು ಸಾಯಲಿಲ್ಲ. ಗಾಯಾಳು ಪ್ರಧಾನಿ ಸದನಕ್ಕೆ ಬರಲೇಬೇಕು ಎಂದು ಸೇಯುಕಾಯ್ ಪಟ್ಟು ಹಿಡಿಯಿತು. 1931ರ ಮಾರ್ಚ್‌ನಲ್ಲಿ ಅವರು ಆಸ್ಪತ್ರೆಯ ಹಾಸಿಗೆಯ ಮನುಷ್ಯನಾಗಿಯೇ ಸದನಕ್ಕೆ ಬಂದರು. ಏಪ್ರಿಲ್‌ನಲ್ಲಿ ರಾಜೀನಾಮೆ, ಆಗಸ್ಟ್ 26ಕ್ಕೆ ಸಾವು. ಅವರು ತೀರಿಕೊಂಡ ಇಪ್ಪತ್ತಮೂರನೇ ದಿನ ಚೀನಾದ ಈಶಾನ್ಯದ ಮಂಚೂರಿಯಾದಲ್ಲಿ ರೈಲು ಹಳಿ ಸ್ಫೋಟವಾಯಿತು. ಅದನ್ನೇ ನೆಪ ಮಾಡಿಕೊಂಡು ಜಪಾನಿನ ಸೇನೆ ಆ ನೆಲವನ್ನು ಹಿಡಿಯಿತು.

ಇನುಕಾಯ್ ಏನಾದರು ಎಂಬುದನ್ನೂ ಹೇಳಿಬಿಡುತ್ತೇನೆ. ಆ ವರ್ಷದ ಡಿಸೆಂಬರ್‌ನಲ್ಲಿ ಅವರೇ ಪ್ರಧಾನಿಯಾದರು. 1932ರ ಮೇ 15ರಂದು ಯುವ ನೌಕಾಧಿಕಾರಿಗಳು ಪ್ರಧಾನಿ ನಿವಾಸಕ್ಕೆ ನುಗ್ಗಿದರು. 76 ವರ್ಷದ ಮುದುಕ “ಕೂತು ಮಾತನಾಡಿದರೆ ಅರ್ಥವಾಗುತ್ತದೆ” ಎಂದರಂತೆ. “ಮಾತು ಬೇಡ, ಹೊಡೆಯಿರಿ” ಎಂದರಂತೆ ಬಂದವರು. ಹೊಡೆದವರ ಸಿಟ್ಟಿನ ಬೇರುಗಳಲ್ಲಿ ಒಂದು ಅದೇ ಲಂಡನ್ ಒಪ್ಪಂದ. ಆ ದಿನದಿಂದ ಯುದ್ಧ ಮುಗಿಯುವವರೆಗೆ ಪಕ್ಷದ ನಾಯಕನೊಬ್ಬ ಪಕ್ಷದ ಸರ್ಕಾರ ರಚಿಸಲಿಲ್ಲ.

ನನ್ನ ಉತ್ತರ ಇದು: ಚಿಲಕ ಒಳಗಿನಿಂದಲೇ ತೆಗೆಯಲಾಯಿತು.

ಉತ್ತರ — ಹಿಪ್ಪುನೇರಳೆ

ಶಾಯಿ ಅವರು ಹೇಳಿದ್ದರಲ್ಲಿ ಸುಳ್ಳಿಲ್ಲ. ಆದರೆ ಟೋಕಿಯೋದ ಸದನವನ್ನೇ ನೋಡುತ್ತ ಕೂತರೆ ಹಳ್ಳಿ ಕಾಣುವುದಿಲ್ಲ. ನಾನು ರೇಷ್ಮೆ ಉದ್ಯಮದಲ್ಲಿ ಕೆಲಸ ಮಾಡುವವನು. ಜಪಾನಿನ ಕಥೆ ನನ್ನನ್ನು ಹಿಡಿದದ್ದು ಆ ದಾರಿಯಿಂದ.

ಯುದ್ಧಕ್ಕೆ ಮುಂಚಿನ ಜಪಾನಿನಲ್ಲಿ ಹತ್ತು ರೈತ ಕುಟುಂಬಗಳಲ್ಲಿ ಸುಮಾರು ನಾಲ್ಕು ಹುಳು ಸಾಕುತ್ತಿದ್ದವು. ನಗಾನೋ, ಗುನ್ಮಾ ಕಡೆಯ ಬೆಟ್ಟದ ಹಳ್ಳಿಗಳಲ್ಲಿ ಮನೆಯ ಮಾಳಿಗೆಯೆಂದರೆ ಹುಳುವಿನ ಮನೆ. ಗೂಡು ಬಿಚ್ಚಿ ತೆಗೆದ ನೂಲಿನಲ್ಲಿ ಬಹುಪಾಲು ಅಮೆರಿಕಕ್ಕೆ ಹೋಗುತ್ತಿತ್ತು. 1929ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕಿನ ಷೇರುಪೇಟೆ ಬಿದ್ದಾಗ ಕೊಳ್ಳುವವರಿಲ್ಲದಾಯಿತು. ಅದೇ ಹೊತ್ತಿಗೆ, 1930ರ ಜನವರಿಯಲ್ಲಿ, ಹಣಕಾಸು ಸಚಿವ ಇನೌಯೆ ಜುನ್ನೊಸುಕೆ ಹಳೆಯ ದರದಲ್ಲೇ ಯೆನ್ ಅನ್ನು ಮತ್ತೆ ಚಿನ್ನಕ್ಕೆ ಕಟ್ಟಿದರು. ಯೆನ್ ತುಟ್ಟಿಯಾಯಿತು, ಸರಕು ಇನ್ನಷ್ಟು ನಿಂತಿತು. ಒಂದೇ ವರ್ಷದಲ್ಲಿ ರೇಷ್ಮೆಯ ಬೆಲೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಗೂಡಿನ ದರ ಅರ್ಧಕ್ಕೆ ಬಂದರೆ ಹಿಪ್ಪುನೇರಳೆ ತೋಟ ಮಾಡಿದವನ ಸ್ಥಿತಿ ಏನಾಗುತ್ತದೆ ಎಂಬುದನ್ನು ನನಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಸೊಪ್ಪನ್ನು ಇಟ್ಟು ಕಾಯಲಾಗದು, ಹುಳುವನ್ನು ತಡೆಯಲಾಗದು, ಗೂಡು ಕಟ್ಟಿದ ಮೇಲೆ ಚಿಟ್ಟೆ ಹೊರಬರುವ ಮೊದಲೇ ಮಾರಬೇಕು. ದರ ಹೇಳುವವನು ಕೊಳ್ಳುವವನು.

1930ರಲ್ಲಿ ಅಕ್ಕಿ ಭರ್ಜರಿಯಾಗಿ ಬೆಳೆಯಿತು, ಅದೂ ಬೆಲೆ ಕುಸಿದು ಶಾಪವಾಯಿತು. ಅದನ್ನು ‘ಸಮೃದ್ಧಿಯ ಬರ’ ಎಂದು ಕರೆದರು. ಮರುವರ್ಷ ಈಶಾನ್ಯದ ತೊಹೊಕುವಿನಲ್ಲಿ ಚಳಿಗೆ ಪೈರು ಹೋಯಿತು, 1934ರಲ್ಲಿ ಮತ್ತೆ. ಹೆಣ್ಣುಮಕ್ಕಳನ್ನು ಪಟ್ಟಣದ ವೇಶ್ಯಾಗೃಹಗಳಿಗೆ ಮಾರಿದ ಸುದ್ದಿ ಪತ್ರಿಕೆಗಳಲ್ಲಿ ಬಂತು. ಸೇನೆಯ ಸಿಪಾಯಿಗಳು ಬಂದದ್ದು ಇಂಥ ಮನೆಗಳಿಂದಲೇ. ಆ ಸಿಪಾಯಿಗಳ ಮನೆಯ ಪತ್ರಗಳನ್ನು ಓದಿ ಕುದಿದ ಕಿರಿಯ ಅಧಿಕಾರಿಗಳಿಗೆ, ಪಕ್ಷಗಳೆಂದರೆ ಮಿತ್ಸುಯಿ, ಮಿತ್ಸುಬಿಷಿಯಂಥ ದೊಡ್ಡ ಉದ್ಯಮ ಸಂಸ್ಥೆಗಳ ದುಡ್ಡಿನಲ್ಲಿ ಬದುಕುವ ಮಂದಿ ಎನ್ನಿಸಿತು. 1932ರ ಫೆಬ್ರವರಿಯಲ್ಲಿ ಇನೌಯೆ ಅವರನ್ನು, ಮಾರ್ಚ್‌ನಲ್ಲಿ ಮಿತ್ಸುಯಿಯ ದಾನ್ ತಕುಮಾ ಅವರನ್ನು ಕೊಂದವರು ‘ಒಬ್ಬನಿಗೊಂದು ಕೊಲೆ’ ಎಂದು ಆಣೆ ಮಾಡಿದ ಗುಂಪಿನ ಯುವಕರು.

ಇನ್ನೊಂದು ವಿಷಯ. ನಗಾನೋದ ಅಚಿ ಎಂಬ ಹಳ್ಳಿಯಲ್ಲಿ ಮಂಚೂರಿಯಾಕ್ಕೆ ವಲಸೆ ಹೋದವರ ಸ್ಮಾರಕ ಸಂಗ್ರಹಾಲಯ ಇದೆ. ಕೆಲಸದ ಮೇಲೆ ಆ ಕಡೆ ಹೋದಾಗ ಅರ್ಧ ದಿನ ಅಲ್ಲಿ ಕಳೆದೆ. 1936ರಲ್ಲಿ ಸರ್ಕಾರ ಇಪ್ಪತ್ತು ವರ್ಷಗಳಲ್ಲಿ ಹತ್ತು ಲಕ್ಷ ಕುಟುಂಬಗಳನ್ನು ಅಲ್ಲಿಗೆ ಕಳುಹಿಸುವ ಯೋಜನೆ ಹಾಕಿತು. ಹೋದವರಲ್ಲಿ ಯಾವ ಪ್ರಾಂತ್ಯಕ್ಕಿಂತಲೂ ಹೆಚ್ಚು ಮಂದಿ ನಗಾನೋದವರು, ರೇಷ್ಮೆ ಕೈಕೊಟ್ಟ ಊರಿನವರು. ಕೊಟ್ಟ ಹೊಲಗಳಲ್ಲಿ ಬಹಳಷ್ಟು ಚೀನೀ ರೈತರಿಂದ ಪುಡಿಗಾಸಿಗೆ ಕಿತ್ತುಕೊಂಡವು. 1945ರ ಆಗಸ್ಟ್‌ನಲ್ಲಿ ಸೋವಿಯತ್ ಸೇನೆ ನುಗ್ಗಿದಾಗ ಅವರನ್ನು ಕಾಯಬೇಕಿದ್ದ ಕ್ವಾಂಟುಂಗ್ ಸೇನೆ, ಅಂದರೆ ಮಂಚೂರಿಯಾದಲ್ಲಿದ್ದ ಜಪಾನಿನ ಸೇನೆ, ಮೊದಲೇ ಹಿಂದೆ ಸರಿದಿತ್ತು. ಸುಮಾರು 2,70,000 ವಲಸಿಗರಲ್ಲಿ 80,000ದಷ್ಟು ಮಂದಿ ಸತ್ತರು. ಹೊಟ್ಟೆಗಾಗಿ ಹೋದವರು ಇನ್ನೊಬ್ಬರ ಹೊಟ್ಟೆಯ ಮೇಲೆ ಹೊಡೆದು, ಕೊನೆಗೆ ತಾವೂ ನಡುದಾರಿಯಲ್ಲಿ ಬಿದ್ದರು. ಆ ಸಂಗ್ರಹಾಲಯದಿಂದ ಹೊರಬಂದಾಗ ನನಗೆ ಯಾರ ಮೇಲೆ ಸಿಟ್ಟು ಮಾಡಬೇಕೋ ತಿಳಿಯಲಿಲ್ಲ.

ಉತ್ತರ — ಹಳೆಯ ನಕಾಶೆ

ಇಬ್ಬರೂ ಜಪಾನಿನ ಒಳಗನ್ನೇ ನೋಡುತ್ತಿದ್ದೀರಿ. ಹೊರಗಿನವರನ್ನು ಮರೆಯಬಾರದು. 1919ರಲ್ಲಿ ಪ್ಯಾರಿಸ್ ಸಮ್ಮೇಳನದಲ್ಲಿ ಜನಾಂಗ ಸಮಾನತೆಯ ಮಾತನ್ನು ರಾಷ್ಟ್ರಸಂಘದ ಒಡಂಬಡಿಕೆಯಲ್ಲಿ ಸೇರಿಸಿ ಎಂದು ಕೇಳಿದ್ದು ಜಪಾನ್. 17 ಮತಗಳಲ್ಲಿ 11 ಪರವಾಗಿ ಬಂದರೂ, ಒಮ್ಮತವಿಲ್ಲ ಎಂದು ಅಧ್ಯಕ್ಷ ವಿಲ್ಸನ್ ತಳ್ಳಿಹಾಕಿದರು. 1924ರಲ್ಲಿ ಅಮೆರಿಕ ಜಪಾನಿ ವಲಸಿಗರಿಗೆ ಬಾಗಿಲು ಮುಚ್ಚಿತು. ಏಷ್ಯಾದ ಅರ್ಧವನ್ನು ನುಂಗಿ ಕೂತಿದ್ದ ಬ್ರಿಟನ್, ಫ್ರಾನ್ಸ್, ಹಾಲೆಂಡ್ ಜಪಾನಿಗೆ ಮಾತ್ರ ಸಂಯಮ ಬೋಧಿಸಿದವು. ಕೊನೆಗೆ 1941ರ ಆಗಸ್ಟ್‌ನಲ್ಲಿ ಎಣ್ಣೆ ನಿಲ್ಲಿಸಿದರು. ತನಗೆ ಬೇಕಾದ ಎಣ್ಣೆಯಲ್ಲಿ ಸುಮಾರು ಶೇ 80ರಷ್ಟನ್ನು ಅಮೆರಿಕದಿಂದಲೇ ತರುತ್ತಿದ್ದ ದೇಶ ಏನು ಮಾಡಬೇಕಿತ್ತು? ಗೋಡೆಗೆ ಒತ್ತಿದರೆ ಬೆಕ್ಕೂ ತಿರುಗಿ ಬೀಳುತ್ತದೆ.

ಉತ್ತರ — ಶಾಯಿ

ಹಳೆಯ ನಕಾಶೆ ಅವರೇ, ಪ್ಯಾರಿಸ್ ಮತ್ತು 1924ರ ಬಗ್ಗೆ ನೀವು ಹೇಳಿದ್ದು ಪೂರ್ತಿ ಸರಿ. ಆ ಅವಮಾನ ನಿಜವಾದದ್ದು, ಯುರೋಪಿನ ಸಾಮ್ರಾಜ್ಯಗಳ ಪರ ವಾದಿಸಲು ನನಗೆ ಯಾವ ಕಾರಣವೂ ಇಲ್ಲ. ಆದರೆ ದಿನಾಂಕಗಳನ್ನು ಸಾಲಾಗಿ ಇಟ್ಟು ನೋಡಿ. ಎಣ್ಣೆ ನಿಂತದ್ದು ಜಪಾನಿನ ಸೇನೆ ದಕ್ಷಿಣ ಇಂಡೋಚೀನಾಕ್ಕೆ ನುಗ್ಗಿದ ಮೇಲೆ, 1941ರಲ್ಲಿ. ಮಂಚೂರಿಯಾವನ್ನು ಹಿಡಿಯಲು ಹೊರಟದ್ದು 1931ರಲ್ಲಿ. ಆಗ ಎಣ್ಣೆ ಬರುತ್ತಿತ್ತು, ಗುಜರಿ ಕಬ್ಬಿಣವೂ ಬರುತ್ತಿತ್ತು, ಯಾರೂ ಗೋಡೆಗೆ ಒತ್ತಿರಲಿಲ್ಲ. ಆ ಎರಡರ ನಡುವಿನ ಹತ್ತು ವರ್ಷಗಳಲ್ಲಿ ಚೀನಾದಲ್ಲಿ ಸತ್ತವರು ಲಕ್ಷ ಲಕ್ಷ. 1937ರ ಡಿಸೆಂಬರಿನ ನಾನ್‌ಜಿಂಗ್ ಹತ್ಯಾಕಾಂಡವನ್ನು ಎಣ್ಣೆಯ ಕೊರತೆ ಎಂದು ಹೇಗೆ ಹೇಳುವುದು?

ಬೇರೆ ದಾರಿ ಇರಲಿಲ್ಲ ಎಂಬುದಕ್ಕೆ ಉತ್ತರವನ್ನು ಜಪಾನಿಯೊಬ್ಬರೇ ಕೊಟ್ಟಿದ್ದಾರೆ. ಆರ್ಥಿಕ ಪತ್ರಿಕೆ ‘ತೋಯೋ ಕೇಜಾಯ್ ಶಿಂಪೋ’ದಲ್ಲಿ ಇಶಿಬಾಶಿ ತಂಜಾನ್ 1921ರಲ್ಲೇ ಲೆಕ್ಕ ತೆಗೆದು ತೋರಿಸಿದರು. ಜಪಾನ್ ಹಿಡಿದಿದ್ದ ಕೊರಿಯಾ, ತೈವಾನ್, ಕ್ವಾಂಟುಂಗ್ ಮೂರೂ ಸೇರಿ ಹಿಂದಿನ ವರ್ಷದ ವ್ಯಾಪಾರ 90 ಕೋಟಿ ಯೆನ್‌ನ ಆಸುಪಾಸು. ಅಮೆರಿಕ ಒಂದರ ಜೊತೆ ಸುಮಾರು 143 ಕೋಟಿ. ಭಾರತದ ಜೊತೆಗೇ 58 ಕೋಟಿ. ಹಿಡಿದ ನೆಲವನ್ನೆಲ್ಲ ಬಿಟ್ಟುಬಿಡಿ, ವ್ಯಾಪಾರ ಮಾಡಿ ಬದುಕೋಣ, ಸ್ವತಂತ್ರವಾದ ಏಷ್ಯಾ ನಮ್ಮ ಬೆನ್ನಿಗೆ ನಿಲ್ಲುತ್ತದೆ ಎಂದು ಬರೆದರು. ಭಾವುಕತೆ ಇಲ್ಲದ ವ್ಯಾಪಾರಿಯ ಲೆಕ್ಕ ಅದು. ಯಾರೂ ಕೇಳಲಿಲ್ಲ. ಅದೇ ಮನುಷ್ಯ 1956ರ ಡಿಸೆಂಬರಿನಲ್ಲಿ ಪ್ರಧಾನಿಯಾದರು, ಎರಡೇ ತಿಂಗಳಿಗೆ ಆರೋಗ್ಯ ಕೈಕೊಟ್ಟು ಇಳಿದರು.

ಇನ್ನು ‘ಜನರಿಗೆ ತಿಳಿದಿರಲಿಲ್ಲ’ ಎಂಬ ಮಾತು. ಅರ್ಧ ನಿಜ. 1931ರ ಸೆಪ್ಟೆಂಬರ್ 18ರ ರಾತ್ರಿ ಮುಕ್ಡೆನ್ ಹತ್ತಿರದ ಲಿಯುತಿಯಾವೊಹುವಿನಲ್ಲಿ ಹಳಿಯನ್ನು ಸ್ಫೋಟಿಸಿದ್ದು ಕ್ವಾಂಟುಂಗ್ ಸೇನೆಯವರೇ. ಯೋಜನೆ ಹಾಕಿದವರು ಇಶಿವಾರಾ ಕಂಜಿ ಮತ್ತು ಇತಗಾಕಿ ಸೇಶಿರೋ. ಸ್ಫೋಟ ಎಷ್ಟು ಸಣ್ಣದೆಂದರೆ ಸ್ವಲ್ಪ ಹೊತ್ತಿನಲ್ಲೇ ರೈಲೊಂದು ಅದೇ ಹಳಿಯ ಮೇಲೆ ಸಾಗಿಹೋಯಿತು. ಇದು ಚೀನಿಯರ ಕೃತ್ಯ ಎಂದು ಜಪಾನಿನ ಜನ ನಂಬಿದರು. ಯುದ್ಧ ಮುಗಿಯುವವರೆಗೂ ಅವರಿಗೆ ಸತ್ಯ ಹೇಳಲಿಲ್ಲ.

ಆದರೆ ಸರ್ಕಾರಕ್ಕೆ ಸಂಶಯವಿತ್ತು. ಮೂರು ದಿನದ ಬಳಿಕ ಕೊರಿಯಾದಲ್ಲಿದ್ದ ಸೇನಾಪತಿ ಹಯಾಶಿ ಸೆಂಜೂರೋ ಅಪ್ಪಣೆಯೇ ಇಲ್ಲದೆ ಗಡಿ ದಾಟಿ ಪಡೆ ಕಳುಹಿಸಿದರು. ಚಕ್ರವರ್ತಿಯ ಆಜ್ಞೆಯಿಲ್ಲದೆ ಪಡೆ ಹೊರದೇಶಕ್ಕೆ ಹೋಗುವುದು ಸೇನೆಯ ಕಾನೂನಿನಲ್ಲಿ ಮರಣದಂಡನೆಯವರೆಗೆ ಹೋಗಬಹುದಾದ ಅಪರಾಧ. ಒಂದು ವರ್ಷದ ಹಿಂದೆ ತೋಸುಯ್ಕೆನ್ ಎಂದು ಕೂಗಿದ್ದರಲ್ಲ, ಅದನ್ನು ನಿಜವಾಗಿ ಮುರಿದದ್ದು ಇಲ್ಲಿ. ಸಚಿವ ಸಂಪುಟ ಮರುದಿನ ಅದರ ಖರ್ಚಿಗೆ ಒಪ್ಪಿಗೆ ಕೊಟ್ಟಿತು. ಹಯಾಶಿಗೆ ‘ಗಡಿ ದಾಟಿದ ಸೇನಾಪತಿ’ ಎಂಬ ಹೊಗಳಿಕೆಯ ಹೆಸರು ಬಂತು, 1937ರಲ್ಲಿ ಪ್ರಧಾನಿಯ ಪಟ್ಟವೂ ಬಂತು.

ಇದಕ್ಕೂ ಮುಂಚೆ, 1928ರಲ್ಲಿ ಮಂಚೂರಿಯಾದ ದಂಡನಾಯಕ ಜಾಂಗ್ ಝುವೊಲಿನ್‌ನ ರೈಲನ್ನು ಸ್ಫೋಟಿಸಿದ ಕರ್ನಲ್ ಕೋಮೊತೊ ದೈಸಾಕುವಿಗೆ ಕೋರ್ಟ್ ಮಾರ್ಷಲ್ ಕೂಡ ಆಗಲಿಲ್ಲ. ಕಿರಿಯರು ಹಿರಿಯರನ್ನು ತುಳಿದು ಮೇಲೇರುವುದಕ್ಕೆ ಜಪಾನಿಯಲ್ಲಿ ‘ಗೆಕೊಕುಜೋ’ ಎಂಬ ಹಳೆಯ ಪದವಿದೆ. ಕಿರಿಯರು ತಪ್ಪು ಮಾಡುತ್ತ ಹೋದರು, ಹಿರಿಯರು ಅದಕ್ಕೆ ಮೊಹರು ಒತ್ತುತ್ತ ಹೋದರು. 1936ರಲ್ಲಿ ಇದೇ ಇಶಿವಾರಾ ಟೋಕಿಯೋದ ದೊಡ್ಡ ಅಧಿಕಾರಿಯಾಗಿ, ಒಳ ಮಂಗೋಲಿಯಾಕ್ಕೆ ಕೈ ಹಾಕಬೇಡಿ ಎಂದು ಬುದ್ಧಿ ಹೇಳಲು ಕ್ವಾಂಟುಂಗ್ ಸೇನೆಯ ಬಳಿಗೆ ಹೋದರು. ಅಲ್ಲಿನ ಮುತೋ ಅಕಿರಾ, “ನೀವು ಮಂಚೂರಿಯಾದಲ್ಲಿ ಮಾಡಿದ್ದನ್ನೇ ನಾವು ಮಾಡುತ್ತಿದ್ದೇವೆ” ಎಂಬ ಅರ್ಥದ ಮಾತು ಆಡಿದರಂತೆ. ಸುತ್ತ ಕೂತಿದ್ದ ಕಿರಿಯರು ನಕ್ಕರಂತೆ. ಇಶಿವಾರಾ ಬಳಿ ಉತ್ತರವಿರಲಿಲ್ಲ.

ಪತ್ರಿಕೆಗಳ ಪಾಲು ಸಣ್ಣದಲ್ಲ. ಸೇನೆಯ ಖರ್ಚು ಕಡಿಮೆ ಮಾಡಿ ಎಂದು ಬರೆಯುತ್ತಿದ್ದ ‘ಅಸಾಹಿ’ಯನ್ನು ಕೊಳ್ಳಬೇಡಿ ಎಂದು ಮಾಜಿ ಸೈನಿಕರ ಸಂಘಗಳು ಬಹಿಷ್ಕಾರಕ್ಕೆ ಇಳಿದವು. ಅಕ್ಟೋಬರ್ ಹೊತ್ತಿಗೆ ಅದರ ದನಿ ಬದಲಾಯಿತು. ವಿಶೇಷ ಸಂಚಿಕೆಗಳು, ವಿಮಾನದಲ್ಲಿ ತಂದ ಚಿತ್ರಗಳು, ಸೈನಿಕರಿಗೆ ನಿಧಿ ಸಂಗ್ರಹ. 1932ರ ಫೆಬ್ರವರಿಯಲ್ಲಿ ರೇಡಿಯೊ ಪರವಾನಗಿಗಳು ಹತ್ತು ಲಕ್ಷ ದಾಟಿದವು. ಆ ಡಿಸೆಂಬರ್‌ನಲ್ಲಿ 132 ಪತ್ರಿಕೆಗಳು ಒಟ್ಟಾಗಿ, ಮಂಚೂರಿಯಾದಲ್ಲಿ ಜಪಾನ್ ನಿಲ್ಲಿಸಿದ ಕೈಗೊಂಬೆ ರಾಜ್ಯವಾದ ಮಂಚುಕುವೊ ಪರ ಹೇಳಿಕೆ ಪ್ರಕಟಿಸಿದವು. ಯಾರೂ ಅವರ ಕೊರಳಿಗೆ ಕತ್ತಿ ಹಿಡಿದು ಅದನ್ನು ಬರೆಸಲಿಲ್ಲ.

ಅಂಥ ಹೊತ್ತಿನಲ್ಲೂ ನಗಾನೋದ ‘ಶಿನಾನೋ ಮೈನಿಚಿ’ಯಲ್ಲಿ ಕಿರ್ಯೂ ಯೂಯೂ 1933ರ ಆಗಸ್ಟ್‌ನಲ್ಲಿ ಒಂದು ಸಂಪಾದಕೀಯ ಬರೆದರು. ಟೋಕಿಯೋದ ಮೇಲೆ ವಾಯುದಾಳಿಯ ಅಣಕು ಕವಾಯತು ನಡೆದಿತ್ತು. ಶತ್ರು ವಿಮಾನ ಟೋಕಿಯೋದ ಆಕಾಶಕ್ಕೆ ಬಂತು ಎಂದರೆ ಆಗಲೇ ಸೋತಂತೆ; ಮರದ ಮನೆಗಳ ಈ ನಗರ ಸುಟ್ಟು ಬೂದಿಯಾಗುತ್ತದೆ ಎಂಬುದು ಅವರ ವಾದ. ಮಾಜಿ ಸೈನಿಕರ ಗುಂಪು ಮತ್ತೆ ಬಹಿಷ್ಕಾರದ ಬೆದರಿಕೆ ಹಾಕಿತು. ಯೂಯೂ ಕೆಲಸ ಬಿಟ್ಟರು. 1945ರ ಮಾರ್ಚ್ 10ರ ರಾತ್ರಿ ಟೋಕಿಯೋ ಅವರು ಬರೆದಂತೆಯೇ ಉರಿಯಿತು. ಅದನ್ನು ನೋಡಲು ಅವರಿರಲಿಲ್ಲ. 1941ರ ಸೆಪ್ಟೆಂಬರ್‌ನಲ್ಲೇ ತೀರಿಕೊಂಡಿದ್ದರು.

ಉತ್ತರ — ಹಿಪ್ಪುನೇರಳೆ

ಒಂದು ಮಾತು ಸೇರಿಸುತ್ತೇನೆ, ಇದು ನನ್ನ ಹಿಂದಿನ ಬರಹಕ್ಕೇ ಎದುರು ನಿಲ್ಲುತ್ತದೆ. ಹಸಿವು ಎಲ್ಲವನ್ನೂ ವಿವರಿಸುವುದಿಲ್ಲ. ಇನೌಯೆ ಬಳಿಕ ಹಣಕಾಸು ನೋಡಿಕೊಂಡ ತಕಾಹಾಶಿ ಕೊರೆಕಿಯೋ 1931ರ ಡಿಸೆಂಬರ್‌ನಲ್ಲೇ ಯೆನ್ ಅನ್ನು ಚಿನ್ನದಿಂದ ಬಿಡಿಸಿದರು, ಸಾಲ ಮಾಡಿ ಖರ್ಚು ಮಾಡಿದರು. ಅನೇಕ ದೊಡ್ಡ ದೇಶಗಳಿಗಿಂತ ಮುಂಚೆ ಜಪಾನ್ ಚೇತರಿಸಿಕೊಂಡಿತು. ಚೇತರಿಸಿಕೊಂಡ ಮೇಲೆ ಅವರು ಹಗ್ಗ ಬಿಗಿಯಲು ಹೊರಟರು, ಸೇನೆಯ ಬಜೆಟ್ಟಿಗೆ ಕತ್ತರಿ ಹಾಕಲು ನೋಡಿದರು. 1936ರ ಫೆಬ್ರವರಿ 26ರ ಹಿಮದ ಬೆಳಗಿನ ಜಾವ ದಂಗೆಯೆದ್ದ ಸುಮಾರು 1,400 ಸೈನಿಕರಲ್ಲಿ ಒಂದು ತುಕಡಿ ಅವರ ಮನೆಗೆ ಹೋಗಿ, 81 ವರ್ಷದ ಅವರನ್ನು ಹಾಸಿಗೆಯಲ್ಲೇ ಕೊಂದಿತು. ಹಳ್ಳಿಯ ಬಡವರಿಗಾಗಿ ಎಂದು ಹೊರಟವರು, ಹಳ್ಳಿಯನ್ನು ಸ್ವಲ್ಪವಾದರೂ ಮೇಲೆತ್ತಿದವನನ್ನೇ ಕೊಂದರು.

ಉತ್ತರ — ಮರುನೌಚಿ

ಎಲ್ಲರಿಗೂ ಧನ್ಯವಾದ. ನಿಮ್ಮ ಬರಹಗಳನ್ನು ಎರಡೆರಡು ಬಾರಿ ಓದಿದೆ. ಹಳೆಯ ನಕಾಶೆ ಅವರೇ, ಪ್ಯಾರಿಸ್ಸಿನ ಮತದಾನದ ಸಂಗತಿ ನನಗೆ ಗೊತ್ತಿರಲಿಲ್ಲ.

ನಾನೂ ಸ್ವಲ್ಪ ಕೆದಕಿದೆ. ಸಿಕ್ಕಿದ ಒಂದು ವಿಷಯ ಮಲಗಲು ಬಿಡಲಿಲ್ಲ. ಆ ದಂಗೆಗೆ ಆರು ದಿನ ಮುಂಚೆ, 1936ರ ಫೆಬ್ರವರಿ 20ರಂದು, ಚುನಾವಣೆ ನಡೆದಿತ್ತು. ‘ಸಂಸದೀಯ ರಾಜಕಾರಣವೋ, ಫ್ಯಾಸಿಸಮ್ಮೋ’ ಎಂದು ಕೇಳುತ್ತ ಹೋದ ಮಿನ್ಸೇತೋ 205 ಸ್ಥಾನ ಗೆದ್ದು ಅತಿ ದೊಡ್ಡ ಪಕ್ಷವಾಯಿತು. ಹಿಂದಿನ ವರ್ಷ ಪ್ರೊಫೆಸರ್ ಮಿನೋಬೆ ಅವರ ಸಂವಿಧಾನದ ಅರ್ಥವಿವರಣೆಯ ವಿರುದ್ಧ ಎದ್ದ ಕೂಗಿಗೆ ದನಿಗೂಡಿಸಿದ್ದ ಸೇಯುಕಾಯ್ ಸೋತಿತು. ಅಂದರೆ ಮತಪೆಟ್ಟಿಗೆಯಲ್ಲಿ ಜನ ಉತ್ತರ ಹೇಳಿದ್ದರು. ಆರು ದಿನ ಕಳೆಯುವುದರೊಳಗೆ ಬೀದಿಯಲ್ಲಿ ಮಷಿನ್‌ಗನ್ ನಿಂತವು. ದಂಗೆ ಅಡಗಿತು, 19 ಮಂದಿಗೆ ಮರಣದಂಡನೆಯಾಯಿತು, ಆದರೂ ಗೆದ್ದದ್ದು ಸೇನೆಯೇ. ಮೇ ತಿಂಗಳಲ್ಲಿ ಹಿರೋತಾ ಸರ್ಕಾರ, ಸೇವೆಯಲ್ಲಿರುವ ಜನರಲ್ ದರ್ಜೆಯ ಅಧಿಕಾರಿಯೇ ಸೇನಾ ಸಚಿವನಾಗಬೇಕು ಎಂಬ ಹಳೆಯ ನಿಯಮವನ್ನು ಮತ್ತೆ ತಂದಿತು. ಸೇನೆ ಸಚಿವನನ್ನು ಕೊಡುವುದಿಲ್ಲ ಎಂದರೆ ಸರ್ಕಾರವೇ ಇಲ್ಲ. 1937ರ ಜನವರಿಯಲ್ಲಿ ಸರ್ಕಾರ ರಚಿಸಲು ಹೊರಟ ಉಗಾಕಿ ಕಜುಶಿಗೆಗೆ ಹಾಗೇ ಮಾಡಿದರು, 1940ರ ಜುಲೈನಲ್ಲಿ ಯೊನಾಯ್ ಸರ್ಕಾರವನ್ನು ಹಾಗೇ ಬೀಳಿಸಿದರು.

ಇದೆಲ್ಲದರ ನಡುವೆ ಒಂದು ಹೆಸರು ಸಿಕ್ಕಿತು: ಸೈತೋ ತಕಾಓ, ಮಿನ್ಸೇತೋ ಸದಸ್ಯ. 1940ರ ಫೆಬ್ರವರಿ 2ರಂದು ಸದನದಲ್ಲಿ ಎದ್ದು, ಚೀನಾದಲ್ಲಿ ಎರಡೂವರೆ ವರ್ಷದಿಂದ ನಡೆಯುತ್ತಿರುವ ಯುದ್ಧ ಏಕೆ, ಅದು ಮುಗಿಯುವುದು ಹೇಗೆ, ‘ಪವಿತ್ರ ಯುದ್ಧ’ ಎಂಬ ಮಾತಿನ ಹಿಂದೆ ಅಡಗಿ ಜನರ ತ್ಯಾಗವನ್ನು ಏಕೆ ಕಡೆಗಣಿಸುತ್ತೀರಿ ಎಂದು ಸುಮಾರು ಒಂದೂವರೆ ಗಂಟೆ ಕೇಳಿದರು. ಆ ಭಾಷಣದ ಮೂರನೇ ಎರಡು ಭಾಗವನ್ನು ಕಡತದಿಂದ ತೆಗೆದುಹಾಕಿದರು. ಮಾರ್ಚ್ 7ರಂದು ಅವರನ್ನು ಸದನದಿಂದ ಉಚ್ಚಾಟಿಸಲು ಮತಕ್ಕೆ ಹಾಕಿದಾಗ ಪರವಾಗಿ 296, ವಿರುದ್ಧ 7. ಮತ ಹಾಕದೆ ಉಳಿದವರು 144. ಆ ಏಳರಲ್ಲಿ ಒಬ್ಬರು ಆಶಿದಾ ಹಿತೊಶಿ, 1948ರಲ್ಲಿ ಪ್ರಧಾನಿಯಾದವರು. ಆರು ತಿಂಗಳಿಗೆ ಪಕ್ಷಗಳೇ ಇಲ್ಲವಾದವು.

ಈಗ ಮುಂದಿನದನ್ನು ಕೇಳಿ. 1942ರಲ್ಲಿ ಚುನಾವಣೆ ಬಂತು. ಪರ್ಲ್ ಹಾರ್ಬರ್ ಆಗಿ ಐದು ತಿಂಗಳೂ ಆಗಿರಲಿಲ್ಲ, ಗೆಲುವಿನ ಅಮಲು ಇಳಿದಿರಲಿಲ್ಲ. ಸರ್ಕಾರದ ಶಿಫಾರಸು ಪಡೆದ ಅಭ್ಯರ್ಥಿಗಳಿಗೆ ಹಣ, ಪೊಲೀಸರ ಕೃಪೆ ಎಲ್ಲವೂ. ಶಿಫಾರಸು ಇಲ್ಲದೆ ನಿಂತ ಸೈತೋ, ಹ್ಯೋಗೋ ಪ್ರಾಂತ್ಯದ ತಮ್ಮ ಕ್ಷೇತ್ರದಲ್ಲಿ ಎಲ್ಲರಿಗಿಂತ ಹೆಚ್ಚು ಮತ ಪಡೆದು ಗೆದ್ದರು. ಅದು ಬೆಟ್ಟಗುಡ್ಡದ ಕ್ಷೇತ್ರ. ಮಗನನ್ನೋ ಅಣ್ಣನನ್ನೋ ಚೀನಾಕ್ಕೆ ಕಳುಹಿಸಿದ ಮನೆಗಳೇ ಅಲ್ಲಿ ಇದ್ದಿರಬೇಕು. ಆ ಜನ, ಒಬ್ಬೊಬ್ಬರಾಗಿ, ಚೀಟಿಯ ಮೇಲೆ ಅವರ ಹೆಸರನ್ನು ಕೈಯಾರೆ ಬರೆದು ಪೆಟ್ಟಿಗೆಗೆ ಹಾಕಿದರು.

ಇದನ್ನು ಓದಿದ ಮರುದಿನ ನನ್ನ ಹಿರಿಯ ಸಹೋದ್ಯೋಗಿಗೆ ಈ ಕಥೆ ಹೇಳಿದೆ. ತಂದೆಯ ಮಾತು ತಪ್ಪು ಎಂದು ಹೇಳಲಿಲ್ಲ. ಬರೀ 1942ರ ಫಲಿತಾಂಶ ಹೇಳಿದೆ. ಅವರು ಚಾಪ್‌ಸ್ಟಿಕ್ ಕೆಳಗಿಟ್ಟರು. ಸೈತೋ ಹೆಸರು ಶಾಲೆಯಲ್ಲಿ ಕೇಳಿದ ನೆನಪು ಇದೆ, ಗೆದ್ದದ್ದು ಗೊತ್ತಿರಲಿಲ್ಲ ಎಂದರು. ಸ್ವಲ್ಪ ಹೊತ್ತಿನ ಬಳಿಕ, ತಮ್ಮ ಅಜ್ಜ ಒಂದು ಸಣ್ಣ ಪಟ್ಟಣದ ಮಾಜಿ ಸೈನಿಕರ ಸಂಘದ ಕಾರ್ಯದರ್ಶಿಯಾಗಿದ್ದರು ಎಂದರು. ಈ ಮಾತನ್ನು ಅವರು ನನ್ನ ಬಳಿ ಎಂದೂ ಆಡಿರಲಿಲ್ಲ. ನಾನು ಏನೂ ಕೇಳಲಿಲ್ಲ.

ಸೈತೋ ಅವರ ಊರು ಇಜುಶಿಯಲ್ಲಿ ಒಂದು ಸ್ಮಾರಕ ಭವನ ಇದೆ. ವಸಂತದ ರಜೆಯಲ್ಲಿ ಹೋಗುತ್ತೇನೆ ಎಂದೆ. ಅವರು ಕ್ಯಾಲೆಂಡರ್ ತೆಗೆದು, ಯಾವ ದಿನ ಎಂದು ಕೇಳಿದರು.

ಉತ್ತರ — ಹಳೆಯ ನಕಾಶೆ

1942ರ ವಿಷಯ ನನಗೂ ಹೊಸದು. ಇಜುಶಿಗೆ ಹೋಗಿ ಬಂದ ಮೇಲೆ ಇಲ್ಲೇ ಬರೆಯಿರಿ. ಇಶಿಬಾಶಿ ಅವರ ಲೆಕ್ಕವನ್ನು ನಾನೂ ಕುಳಿತು ನೋಡುತ್ತೇನೆ.